ಟೆಲಿಕಾಂ ಎಐ ಸಂಶೋಧನೆಗೆ ಸರ್ಕಾರದ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಪಾಠ ಮಾಡಿ ಉಳಿದ ಹೊತ್ತೆಲ್ಲ ಪ್ರಾಜೆಕ್ಟ್ ಅರ್ಜಿಗಳ ಫೈಲಿನ ಹಿಂದೆ ಹೋಗುತ್ತದೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಐ ಬಳಸುವ ಸಂಶೋಧನೆಗೆ ಸರ್ಕಾರ ದುಡ್ಡು ಕೊಡುತ್ತದಂತೆ ಎಂದು ಪೇಪರಿನಲ್ಲಿ ಓದಿದವರು ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊಬೈಲ್ ಟವರಿಗೂ ಎಐಗೂ ಏನು ಸಂಬಂಧ?

ಚಾಟ್‌ಬಾಟ್ ಮರೆತುಬಿಡಿ. ಟವರೊಂದು ಸೆಕೆಂಡಿಗೆ ಸಾವಿರಾರು ಸಣ್ಣ ತೀರ್ಮಾನ ಮಾಡುತ್ತಿರುತ್ತದೆ. ಯಾವ ಫೋನಿಗೆ ಮೊದಲು ಡೇಟಾ ಕಳಿಸಬೇಕು, ಆಂಟೆನಾದ ಬೀಮನ್ನು ಯಾವ ಕಡೆ ತಿರುಗಿಸಬೇಕು, ಬಸ್ಸಿನಲ್ಲಿ ಮಾತಾಡುತ್ತ ಹೋಗುತ್ತಿರುವವರ ಫೋನ್ ಕರೆಯನ್ನು ಯಾವಾಗ ಮುಂದಿನ ಟವರಿಗೆ ದಾಟಿಸಬೇಕು. ಇಷ್ಟು ದಿನ ಇದನ್ನೆಲ್ಲ ಎಂಜಿನಿಯರ್‌ಗಳು ಬರೆದಿಟ್ಟ ಸೂತ್ರಗಳು ನೋಡಿಕೊಳ್ಳುತ್ತಿದ್ದವು. ಈಗ ಡೇಟಾ ನೋಡಿ ಕಲಿಯುವ ಮಾಡೆಲ್‌ಗಳು ಆ ಜಾಗಕ್ಕೆ ಬರುತ್ತಿವೆ. ಮೊಬೈಲ್ ತಂತ್ರಜ್ಞಾನದ ಮಾನದಂಡ ಬರೆಯುವ 3ಜಿಪಿಪಿ ತನ್ನ ರಿಲೀಸ್ 18ರಲ್ಲೇ ಬೀಮ್ ಆಯ್ಕೆ, ಫೋನ್ ಎಲ್ಲಿದೆ ಎಂದು ಹುಡುಕುವುದು, ಸಿಗ್ನಲ್ ಸ್ಥಿತಿಯನ್ನು ಚಿಕ್ಕದು ಮಾಡಿ ಕಳಿಸುವುದು, ಈ ಮೂರಕ್ಕೂ ಎಐ ಹೊಂದುತ್ತದಾ ಎಂದು ನೋಡಿತು.

ಕರೆಂಟ್ ಉಳಿಸುವ ಕೆಲಸವೂ ಇದೆ. ರಾತ್ರಿ ಊರು ಮಲಗಿದಾಗ ಟವರಿನ ಕೆಲವು ಭಾಗಗಳನ್ನೂ ಮಲಗಿಸಬಹುದು. ಆದರೆ ಯಾವಾಗ ಮಲಗಿಸಬೇಕು? ಅಲ್ಲೇ ಮಜಾ ಇರುವುದು. ಶಿರಸಿಯ ಮಾರಿಕಾಂಬಾ ಜಾತ್ರೆ ನೆನಪಿಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ. ಮಾಡೆಲ್ ಕಲಿತಿದ್ದು ದಿನದಿನದ ರೂಢಿಯನ್ನು, ಹಾಗಾಗಿ ನಡುರಾತ್ರಿ ಎಂದರೆ ಅದರ ಲೆಕ್ಕದಲ್ಲಿ ಖಾಲಿ ಹೊತ್ತು. ಇತ್ತ ಬಿಡ್ಕಿ ಬೈಲಿನಲ್ಲಿ ನಾಟಕ ನೋಡಿ ಹೊರಗೆ ಬಂದವರೆಲ್ಲ ಒಟ್ಟಿಗೇ ಮನೆಗೆ ವಿಡಿಯೊ ಕಾಲ್ ಹಚ್ಚುತ್ತಿರುತ್ತಾರೆ. ಜಾತ್ರೆ ಗೊತ್ತಿರುವ ಮಾಡೆಲ್ ಬೇಕು. ಅದನ್ನು ಕಟ್ಟಲು ಎರಡು ವರ್ಷಕ್ಕೆ ಒಂದೇ ಜಾತ್ರೆಯ ಉದಾಹರಣೆ ಸಿಗುತ್ತದೆ. ಇದು ಸಂಶೋಧನೆ ಮಾಡಬೇಕಾದ ಪ್ರಶ್ನೆ. ರೆಡಿಮೇಡ್ ಸಾಫ್ಟ್‌ವೇರ್ ತಂದು ಹಾಕಿದರೆ ಬಗೆಹರಿಯುವುದಿಲ್ಲ.

ಕಂಪನಿಗಳ ಹತ್ತಿರ ದುಡ್ಡು ಇಲ್ವಾ? ಸರ್ಕಾರ ಯಾಕೆ ಕೊಡಬೇಕು?

ಇದೆ. ಆದರೆ ಕಂಪನಿ ದುಡ್ಡು ಹಾಕುವುದು ಗಿರಾಕಿ ಜಾಸ್ತಿ ಇರುವ ಕಡೆ. ಆಗುಂಬೆಯ ಮಳೆಗಾಲದಲ್ಲಿ ಗುಡ್ಡದ ಮೇಲಿನ ಮೈಕ್ರೋವೇವ್ ಲಿಂಕ್ (ಟವರಿನಿಂದ ಟವರಿಗೆ ಇರುವ ರೇಡಿಯೊ ಕೊಂಡಿ) ಯಾವ ಹೊತ್ತಿಗೆ ಸೋಲುತ್ತದೆ ಎಂದು ಮೊದಲೇ ಹೇಳುವ ಮಾಡೆಲ್ ಮಾಡಿದರೆ ಅದರಿಂದ ಎಷ್ಟು ಲಾಭ? ಬೆಂಗಳೂರಿನ ಒಂದು ಮಾಲ್‌ನಷ್ಟೂ ಇಲ್ಲ. ಯುರೋಪಿನ ಊರುಗಳಲ್ಲಿ ಅಳೆದು ಮಾಡಿದ ಸಿಗ್ನಲ್ ಲೆಕ್ಕಗಳು ನಮ್ಮ ಅಡಿಕೆ ತೋಟ, ಹಂಚಿನ ಮನೆ, ಸುರಿಯುವ ಮಳೆಯ ಮುಂದೆ ದಾರಿ ತಪ್ಪುತ್ತವೆ. ಇಲ್ಲಿಯ ಅಳತೆ ಇಲ್ಲಿಯವರೇ ತೆಗೆಯಬೇಕು.

ಹಳೇ ಕಥೆ ಒಂದಿದೆ. 1984ರಲ್ಲಿ ಸರ್ಕಾರ ಸಿ-ಡಾಟ್ ಎಂಬ ಟೆಲಿಕಾಂ ಸಂಶೋಧನಾ ಸಂಸ್ಥೆ ಶುರು ಮಾಡಿ 36 ತಿಂಗಳ ಗಡುವು, ₹36 ಕೋಟಿ ಕೊಟ್ಟು ದೇಶಕ್ಕೆ ತಕ್ಕ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿ ಎಂದಿತು. ಹೊರದೇಶದ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ಇವರು ಮಾಡಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಧೂಳು, ಸೆಕೆಯಲ್ಲೂ ಎಸಿ ಇಲ್ಲದೆ ಓಡಿತು. ಅದು ಮೊದಲು ಕೆಲಸಕ್ಕೆ ನಿಂತಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಸರ್ಕಾರದ ದುಡ್ಡು ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಕಿತ್ತೂರಿನ ಹೆಸರು ಹೇಳುತ್ತೇನೆ.

ಈ ದುಡ್ಡು ಎಲ್ಲಿಂದ ಬರುತ್ತದೆ?

ಒಂದು ಪಾಲು ನಿಮ್ಮ ರೀಚಾರ್ಜಿನಿಂದಲೇ. ಟೆಲಿಕಾಂ ಕಂಪನಿಗಳು ತಮ್ಮ ಎಜಿಆರ್, ಅಂದರೆ ಲೆಕ್ಕಕ್ಕೆ ಹಿಡಿಯುವ ಆದಾಯದ 5% ಅನ್ನು ಒಂದು ನಿಧಿಗೆ ಕಟ್ಟಬೇಕು. ಹಳ್ಳಿ, ಗುಡ್ಡಗಾಡಿಗೆ ಫೋನು ಮುಟ್ಟಿಸಲಿ ಎಂದು 2002ರಲ್ಲಿ ಶುರುವಾದ ನಿಧಿ ಇದು. ಮೊದಲು ಯುಎಸ್‌ಒಎಫ್ ಎನ್ನುತ್ತಿದ್ದರು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಆಯಿತು. ಆ ನಿಧಿಯ ವಾರ್ಷಿಕ ಸಂಗ್ರಹದ 5% ಅನ್ನು ಸಂಶೋಧನೆಗೆ ಎತ್ತಿಡುವ ಯೋಜನೆ 2022ರ ಅಕ್ಟೋಬರ್ 1ರಂದು ಶುರುವಾಯಿತು. ಅದರ ಹೆಸರು ಟೆಲಿಕಾಂ ಟೆಕ್ನಾಲಜಿ ಡೆವಲಪ್‌ಮೆಂಟ್ ಫಂಡ್. ಎಲ್ಲರೂ ಟಿಟಿಡಿಎಫ್ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. ₹300ರ ರೀಚಾರ್ಜ್. 18% ಜಿಎಸ್‌ಟಿ ತೆಗೆದರೆ ಸುಮಾರು ₹254. ಬೇರೆ ಕಡಿತ ಬಿಟ್ಟು ಸುಮ್ನೆ ಅಂದಾಜಿಗೆ, ಅದರ 5% ಅಂದರೆ ₹12.70. ಅದರಲ್ಲಿ ಮತ್ತೆ 5% ಅಂದರೆ 63 ಪೈಸೆ ಆಸುಪಾಸು. ಈ 63 ಪೈಸೆಯಲ್ಲೇ ಆಂಟೆನಾ, ಚಿಪ್, 6ಜಿ, ಸೆಕ್ಯುರಿಟಿ, ಎಲ್ಲ ಬರಬೇಕು. ಎಐ ಅದರಲ್ಲೊಂದು ತುಣುಕು.

ಹಾಗಾದರೆ "ಟೆಲಿಕಾಂ ಎಐ ಯೋಜನೆ" ಅಂತಲೇ ಒಂದು ಇದೆಯಾ?

ಆ ಹೆಸರು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಬೇರೆಬೇರೆ ಬಾಗಿಲುಗಳಿವೆ, ನಿಮ್ಮ ಕೆಲಸ ಯಾವುದಕ್ಕೆ ಹೊಂದುತ್ತದೆ ನೋಡಿಕೊಳ್ಳಬೇಕು.

ನೆಟ್‌ವರ್ಕಿನ ಒಳಗೆ ಎಐ ಇದ್ದರೆ ಮೊದಲ ಬಾಗಿಲು ಟಿಟಿಡಿಎಫ್. 2023ರ ಮಾರ್ಚ್‌ನಲ್ಲಿ ಭಾರತ್ 6ಜಿ ದಾಖಲೆ ಬಿಡುಗಡೆಯಾದ ಮೇಲೆ 6ಜಿ ಸಂಶೋಧನೆಗೆ ಅಂತಲೇ ಪ್ರತ್ಯೇಕವಾಗಿ ಅರ್ಜಿ ಕರೆದರು. ನೂರಕ್ಕೂ ಹೆಚ್ಚು ಪ್ರಸ್ತಾವಗಳಿಗೆ ಒಪ್ಪಿಗೆ ಸಿಕ್ಕಿತು. 6ಜಿ ಎಂದರೆ ಎಐ ಇದ್ದೇ ಇರುತ್ತದೆ. ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 2023ರ ನವೆಂಬರ್‌ನಲ್ಲಿ ಒಪ್ಪಿದ 6ಜಿ ಚೌಕಟ್ಟಿನ ಆರು ಬಳಕೆಗಳಲ್ಲಿ ಒಂದು ಎಐ ಮತ್ತು ಸಂಪರ್ಕ ಸೇರಿದ್ದೇ.

ಎಐಗೇ ಜಾಸ್ತಿ ಒತ್ತು ಇದ್ದರೆ ಇಂಡಿಯಾಎಐ ಮಿಷನ್. 2024ರ ಮಾರ್ಚ್‌ನಲ್ಲಿ ಐದು ವರ್ಷಕ್ಕೆ ₹10,371.92 ಕೋಟಿಗೆ ಸಂಪುಟ ಒಪ್ಪಿತು. ಇಲ್ಲಿಂದ ಮುಖ್ಯವಾಗಿ ಸಿಗುವುದು ಕಂಪ್ಯೂಟರ್ ಶಕ್ತಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಬರೀ ಗಣಿತ, ಥಿಯರಿ ಮಾಡುವವರಿಗೆ ಎಎನ್‌ಆರ್‌ಎಫ್, ಅಂದರೆ ಕೇಂದ್ರದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ವಾಸಿ.

ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ₹3,660 ಕೋಟಿಯ ಮಿಷನ್ ಒಂದರಲ್ಲಿ ದೇಶದಾದ್ಯಂತ 25 ಹಬ್ ಮಾಡಿದೆ. ಅದರಲ್ಲಿ ಸಂಪರ್ಕ ತಂತ್ರಜ್ಞಾನದ್ದು ಬೆಂಗಳೂರಿನ ಐಐಐಟಿಯಲ್ಲಿದೆ, ಕಾಮೆಟ್ ಫೌಂಡೇಶನ್. ಎಐ ಮತ್ತು ರೋಬೊಟಿಕ್ಸ್‌ನ ಆರ್ಟ್‌ಪಾರ್ಕ್ ಐಐಎಸ್‌ಸಿಯಲ್ಲಿದೆ, ಅದಕ್ಕೆ ಕರ್ನಾಟಕ ಸರ್ಕಾರದ ದುಡ್ಡೂ ಸೇರಿದೆ. ಬೆಂಗಳೂರಿನ ಸುತ್ತಮುತ್ತ ಇರುವವರು ದೆಹಲಿಗೆ ಪತ್ರ ಬರೆಯುವ ಮೊದಲು ಒಮ್ಮೆ ಇಲ್ಲಿ ಹೋಗಿ ಮಾತಾಡಿ ಬನ್ನಿ.

ಆ ಒಂದು ಲಕ್ಷ ಕೋಟಿಯ ಯೋಜನೆ?

2025ರ ಜುಲೈನಲ್ಲಿ ಸಂಪುಟ ಒಪ್ಪಿದ ಆರ್‌ಡಿಐ, ಅಂದರೆ ಸಂಶೋಧನೆ, ಅಭಿವೃದ್ಧಿ, ನಾವೀನ್ಯದ ಯೋಜನೆ. ಮೊತ್ತ ದೊಡ್ಡದು, ಆದರೆ ಕಾಲೇಜಿಗೆ ಸಿಗುವ ಅನುದಾನ ಅಲ್ಲ. ಖಾಸಗಿ ಕಂಪನಿಗಳಿಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿ ಸಾಲ, ಕೆಲವು ಕಡೆ ಷೇರು ಬಂಡವಾಳ. ಅದೂ ಟಿಆರ್‌ಎಲ್ 4 ಮತ್ತು ಅದಕ್ಕಿಂತ ಮೇಲಿನ ಕೆಲಸಕ್ಕೆ.

ಟಿಆರ್‌ಎಲ್ ಎಂದರೆ?

ತಂತ್ರಜ್ಞಾನ ಎಷ್ಟು ಹದಕ್ಕೆ ಬಂದಿದೆ ಎಂದು ಹೇಳುವ 1ರಿಂದ 9ರ ಅಳತೆಗೋಲು. ನಾಸಾದಲ್ಲಿ ಹುಟ್ಟಿದ್ದು. 1 ಎಂದರೆ ಐಡಿಯಾ, 4 ಎಂದರೆ ಲ್ಯಾಬಿನಲ್ಲಿ ಓಡಿದೆ, 9 ಎಂದರೆ ಹೊರಗೆ ನಿಜವಾದ ಬಳಕೆಯಲ್ಲಿದೆ.

ಅರ್ಜಿ ಹಾಕುವವರು ಇಲ್ಲಿ ಆಸೆಪಡುತ್ತಾರೆ. ಲ್ಯಾಪ್‌ಟಾಪಿನ ಸಿಮ್ಯುಲೇಶನ್‌ನಲ್ಲಿ 97% ನಿಖರತೆ ಬಂತು ಎಂದು ಟಿಆರ್‌ಎಲ್ 5 ಬರೆದುಬಿಡುತ್ತಾರೆ. ಕಮಿಟಿಯವರು ಕೇಳುವ ಮೊದಲ ಪ್ರಶ್ನೆಯೇ "ಎಲ್ಲಿ, ರೇಡಿಯೊ ಆನ್ ಮಾಡಿ ನೋಡಿದ್ದೀರಾ?" ಸಿಮ್ಯುಲೇಶನ್ ಎಂದರೆ 3ರ ಹತ್ತಿರ. ನಾಚಿಕೆ ಬೇಡ, 3 ಅಂತಲೇ ಬರೆಯಿರಿ. ಮೂರರಿಂದ ಐದಕ್ಕೆ ಹೇಗೆ ಹೋಗುತ್ತೇನೆ ಎಂದು ಹೇಳಿದರೆ ಅದೇ ಒಳ್ಳೆ ಪ್ರಸ್ತಾವ.

ಟಿಟಿಡಿಎಫ್‌ಗೆ ಯಾರು ಅರ್ಜಿ ಹಾಕಬಹುದು? ನಮ್ಮದು ಸಣ್ಣ ಊರಿನ ಖಾಸಗಿ ಕಾಲೇಜು.

ಭಾರತದ ಕಂಪನಿ, ಸ್ಟಾರ್ಟಪ್, ಸಣ್ಣ ಉದ್ದಿಮೆ, ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಎಲ್ಲರೂ. ಕಾಲೇಜು ಮತ್ತು ಕಂಪನಿ ಜೊತೆಯಾಗಿ ಬಂದರೆ ಅವರಿಗೆ ಖುಷಿ, ಯಾಕೆಂದರೆ ಯೋಜನೆಯ ಉದ್ದೇಶವೇ ಅದು. ನಿಮ್ಮದು ಸಣ್ಣ ಊರು ಎನ್ನುವುದನ್ನು ಮುಚ್ಚಿಡಬೇಡಿ. ನಿಧಿ ಇರುವುದೇ ಹಳ್ಳಿಗಾಗಿ. ಲ್ಯಾಬಿನ ಕಿಟಕಿ ತೆಗೆದರೆ ಕಾಣುವ ಗುಡ್ಡದಲ್ಲಿ ಸಿಗ್ನಲ್ ಇಲ್ಲ ಎನ್ನುವುದು ಐಐಟಿಯವರ ಹತ್ತಿರ ಇಲ್ಲದ ಸೌಲಭ್ಯ.

ನಮ್ಮದು ನಾಲ್ಕು ಜನರ ಸ್ಟಾರ್ಟಪ್. ದೊಡ್ಡ ಪ್ರಾಜೆಕ್ಟ್ ನಡೆಸುವ ಶಕ್ತಿ ಇಲ್ಲ.

ಸಿ-ಡಾಟ್‌ನ ಸಮರ್ಥ್ ಕಾರ್ಯಕ್ರಮ ನೋಡಿ. ಆಯ್ಕೆಯಾದರೆ ₹5 ಲಕ್ಷದವರೆಗೆ ಅನುದಾನ, ಆರು ತಿಂಗಳು ಅವರ ದೆಹಲಿ ಅಥವಾ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಕೂರಲು ಜಾಗ. ದುಡ್ಡಿಗಿಂತ ಆ ಜಾಗಕ್ಕೆ ಬೆಲೆ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ಪಕ್ಕದ ಟೇಬಲಿನಲ್ಲಿ ಇಪ್ಪತ್ತು ವರ್ಷ ಟೆಲಿಫೋನ್ ಸ್ವಿಚ್‌ಗಳ ಸಾಫ್ಟ್‌ವೇರ್ ಬರೆದವರು ಕೂತಿರುತ್ತಾರೆ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ₹50 ಲಕ್ಷದವರೆಗೆ ಸಿಗುತ್ತದೆ. ಅದು ಟೆಲಿಕಾಂಗೇ ಅಂತ ಇರುವುದಲ್ಲ, ಎಲ್ಲ ಥರದ ಸ್ಟಾರ್ಟಪ್‌ಗಳೂ ಸಾಲಿನಲ್ಲಿರುತ್ತವೆ.

ಜಿಪಿಯು ಕೊಳ್ಳಲು ದುಡ್ಡು ಕೇಳಬಹುದಾ?

ಕೇಳಬಹುದು, ಬೇಡ ಎನ್ನುತ್ತೇನೆ. ಜಿಪಿಯು ಎಂದರೆ ಎಐ ಮಾಡೆಲ್‌ಗೆ ಕಲಿಸಲು ಬಳಸುವ ಕಂಪ್ಯೂಟರ್ ಕಾರ್ಡು. ಕೊಂಡ ಕಾರ್ಡು ಮೂರು ವರ್ಷಕ್ಕೆ ಹಳೆಯದಾಗುತ್ತದೆ. ಅದರ ಎಸಿ, ಯುಪಿಎಸ್ ನೋಡಿಕೊಳ್ಳುವವರು ಯಾರು? ಇಂಡಿಯಾಎಐ ಪೋರ್ಟಲ್‌ನಲ್ಲಿ 38,000ಕ್ಕೂ ಹೆಚ್ಚು ಜಿಪಿಯು ಬಾಡಿಗೆಗಿವೆ, ಸಬ್ಸಿಡಿ ಕಳೆದು ಗಂಟೆಗೆ ₹65ರ ಸುಮಾರಿಗೆ. ಎಂಟು ಜಿಪಿಯು ಹತ್ತು ದಿನ ಎಡೆಬಿಡದೆ ಓಡಿಸಿದರೆ 1,920 ಗಂಟೆ, ಅಂದರೆ ₹1,24,800. ಮಧ್ಯಮ ಗಾತ್ರದ ಟ್ರಾಫಿಕ್ ಮಾಡೆಲ್‌ಗೆ ಅಷ್ಟೂ ಬೇಕಾಗುವುದಿಲ್ಲ. ಟವರಿನಲ್ಲಿ ಕೂರಬೇಕಾದ ಮಾಡೆಲ್ ಚಿಕ್ಕದಾಗಿರಬೇಕು. ದೊಡ್ಡ ಜಿಪಿಯು ಕೇಳಿದಷ್ಟೂ "ಇದನ್ನು ಟವರಿನಲ್ಲಿ ಹೇಗೆ ಓಡಿಸುತ್ತೀರಿ" ಎಂಬ ಪ್ರಶ್ನೆಗೆ ಉತ್ತರ ಕಷ್ಟವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಾವುದು? ದುಡ್ಡಾ?

ದುಡ್ಡಲ್ಲ, ಡೇಟಾ.

ಮಾಡೆಲ್ ಕಲಿಯಲು ನಿಜವಾದ ನೆಟ್‌ವರ್ಕಿನ ದಾಖಲೆ ಬೇಕು. ಯಾವ ಟವರಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಫೋನು, ಎಲ್ಲಿ ಕಾಲ್ ಕಟ್ ಆಯಿತು, ಯಾವ ಲಿಂಕ್ ಸತ್ತಿತು. ಅದು ಇರುವುದು ಕಂಪನಿಗಳ ಹತ್ತಿರ. ಅವರು ಕೊಡುವುದಿಲ್ಲ. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಎದುರಾಳಿಗೆ ಗುಟ್ಟು ಹೋಗುತ್ತದೆ, ಜೊತೆಗೆ ಜನರ ಓಡಾಟದ ವಿವರ ಅದರಲ್ಲಿರುತ್ತದೆ. ಜನರ ಖಾಸಗಿ ಡೇಟಾ ಕಾಯುವ 2023ರ ಡಿಪಿಡಿಪಿ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ: ಆ ಡೇಟಾ ಇಟ್ಟುಕೊಂಡು ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಬಾರದು, ಸರ್ಕಾರ ಹೇಳಿದ ಮಾನದಂಡ ಪಾಲಿಸಬೇಕು.

ನಮ್ಮ ಮೊದಲ ಅರ್ಜಿ ಬಿದ್ದಿದ್ದು ಇಲ್ಲೇ. "ಡೇಟಾವನ್ನು ಕಂಪನಿಯಿಂದ ಪಡೆಯಲಾಗುವುದು" ಎಂದು ಒಂದು ಸಾಲು ಬರೆದಿದ್ದೆವು. ಸಂದರ್ಶನದಲ್ಲಿ ಒಬ್ಬರು ಕನ್ನಡಕದ ಮೇಲಿನಿಂದ ನೋಡಿ, "ಪತ್ರ ಇದೆಯಾ?" ಅಂದರು. ಇರಲಿಲ್ಲ. ಹನ್ನೆರಡು ನಿಮಿಷದ ಸ್ಲೈಡ್ ಇಟ್ಟುಕೊಂಡು ಹೋದವರು ನಾಲ್ಕು ನಿಮಿಷಕ್ಕೆ ಹೊರಗೆ ಬಂದೆವು.

ಎರಡನೇ ಸಲ ದಾರಿ ಬದಲಿಸಿದೆವು. ಓಪನ್‌ಏರ್‌ಇಂಟರ್‌ಫೇಸ್, ಎಸ್‌ಆರ್‌ಎಸ್‌ರಾನ್ ಎಂಬ ಬಿಟ್ಟಿ ಸಾಫ್ಟ್‌ವೇರ್‌ಗಳಿವೆ. ಒಂದು ಕಂಪ್ಯೂಟರ್, ಒಂದು ಸಾಫ್ಟ್‌ವೇರ್ ರೇಡಿಯೊ (ಸಾಫ್ಟ್‌ವೇರಿನಿಂದ ನಡೆಸುವ ರೇಡಿಯೊ ಉಪಕರಣ) ಇದ್ದರೆ ಮೇಜಿನ ಮೇಲೆಯೇ ಪುಟ್ಟ ಟವರ್ ಕಟ್ಟಬಹುದು. ಕೇಬಲ್ ಮೂಲಕ ಸಿಗ್ನಲ್ ಬಿಟ್ಟು ನಮ್ಮದೇ ಡೇಟಾ ಮಾಡಿಕೊಂಡೆವು. ಎಚ್ಚರ, ಗಾಳಿಗೆ ಬಿಡುವ ಹಾಗಿಲ್ಲ! ಲೈಸೆನ್ಸಿನ ಬ್ಯಾಂಡಿನಲ್ಲಿ ಪ್ರಯೋಗಕ್ಕೂ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಇನ್ನೊಂದು ದಾರಿ ಫೆಡರೇಟೆಡ್ ಲರ್ನಿಂಗ್. ಡೇಟಾ ಕಂಪನಿಯಲ್ಲೇ ಇರುತ್ತದೆ, ನಿಮ್ಮ ಮಾಡೆಲ್ ಅಲ್ಲಿಗೆ ಹೋಗಿ ಕಲಿತು ಬರುತ್ತದೆ. ಮನೆಗೆ ಪುಸ್ತಕ ಕೊಡದ ಲೈಬ್ರರಿಯಲ್ಲಿ ಕೂತು ಓದಿ ಬಂದ ಹಾಗೆ. ಓದಿಬಂದವನ ಬಾಯಿಂದ ಗುಟ್ಟು ಹೊರಬರದ ಹಾಗೆ ನೋಡಿಕೊಳ್ಳುವುದೇ ಬೇರೆ ಸಂಶೋಧನೆ.

ಸರ್ಕಾರದ ಟೆಸ್ಟ್‌ಬೆಡ್ ಇದೆಯಂತಲ್ಲ?

ಇದೆ. ಟೆಸ್ಟ್‌ಬೆಡ್ ಎಂದರೆ ಹೊಸ ತಂತ್ರಜ್ಞಾನ ಪರೀಕ್ಷಿಸಲು ಕಟ್ಟಿದ ನೆಟ್‌ವರ್ಕ್. ₹224 ಕೋಟಿಯ 5ಜಿ ಟೆಸ್ಟ್‌ಬೆಡ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಮೇ 17ರಂದು ಉದ್ಘಾಟನೆಯಾಯಿತು. ಮದ್ರಾಸ್ ಐಐಟಿ ಮುಂದೆ ನಿಂತು ಎಂಟು ಸಂಸ್ಥೆಗಳು ಸೇರಿ ಮಾಡಿದ್ದು, ಬೆಂಗಳೂರಿನ ಐಐಎಸ್‌ಸಿಯೂ ಅದರಲ್ಲಿದೆ. 2018ರಿಂದ 2022 ಎಂದರೆ ನಾಲ್ಕು ವರ್ಷ. ಆ ಹೊತ್ತಿಗೆ ಕೊರಿಯಾದಲ್ಲಿ ಜನ 5ಜಿ ಫೋನ್ ಬದಲಾಯಿಸುವ ಹಂತಕ್ಕೆ ಬಂದಿದ್ದರು. 6ಜಿಯಲ್ಲಿ ಹಾಗಾಗಬಾರದು ಎಂದೇ ಈಗಿನ ಅವಸರ. 2023ರ ಅಕ್ಟೋಬರ್‌ನಲ್ಲಿ ದೇಶದ ನೂರು ಶಿಕ್ಷಣ ಸಂಸ್ಥೆಗಳಿಗೆ 5ಜಿ ಲ್ಯಾಬ್ ಕೊಟ್ಟರು. ನಿಮ್ಮ ಪಕ್ಕದ ಊರಿನಲ್ಲಿ ಒಂದಿದ್ದರೆ ಅವರನ್ನೇ ಜೊತೆಗಾರರನ್ನಾಗಿ ಮಾಡಿಕೊಳ್ಳಿ.

ಸರ್ಕಾರವೇ ಎಐ ಬಳಸಿ ಏನಾದರೂ ಮಾಡಿದೆಯಾ?

ಅಸ್ತ್ರ್ ಎಂಬುದನ್ನು ಮಾಡಿದ್ದಾರೆ. ಒಂದೇ ಮುಖ, ಬೇರೆಬೇರೆ ಹೆಸರಿನಲ್ಲಿ ತೆಗೆದ ಸಿಮ್‌ಗಳನ್ನು ಫೋಟೊ ಹೋಲಿಸಿ ಹುಡುಕುತ್ತದೆ. 2023ರ ಮೇನಲ್ಲಿ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ 87 ಕೋಟಿ ಸಂಪರ್ಕ ಜಾಲಾಡಿದಾಗ 40 ಲಕ್ಷಕ್ಕೂ ಹೆಚ್ಚು ಅನುಮಾನದವು ಸಿಕ್ಕವು, 36 ಲಕ್ಷಕ್ಕೂ ಹೆಚ್ಚು ಕಡಿತವಾದವು. ಫೋನ್ ಮಾಡಿ ಒಟಿಪಿ ಕೇಳುವವರ ಕಾಟ ನೋಡಿದರೆ ಇಂಥದ್ದು ಬೇಕಿತ್ತು. ಆದರೆ ಅವಳಿ ಅಕ್ಕತಂಗಿಯರ ಸಿಮ್ ತಪ್ಪಾಗಿ ಕಟ್ ಆದರೆ ಅವರು ಯಾರ ಬಾಗಿಲು ಬಡಿಯಬೇಕು? ಮುಖ ಗುರುತಿಸುವ ವ್ಯವಸ್ಥೆ ಎಷ್ಟು ತಪ್ಪು ಮಾಡುತ್ತದೆ ಎಂದು ಹೊರಗಿನವರು ಅಳೆಯಲು ಸಾಧ್ಯವಾಗಬೇಕು. ದೂರಸಂಪರ್ಕ ಇಲಾಖೆಯ ತಾಂತ್ರಿಕ ಮಾನದಂಡ ಬರೆಯುವ ಕೇಂದ್ರ ಟಿಇಸಿಯೇ 2023ರಲ್ಲಿ ಎಐ ಪಕ್ಷಪಾತ ಅಳೆಯುವ ಮಾನದಂಡ ತಂದಿದೆ. ಪ್ರಸ್ತಾವದಲ್ಲಿ ಅದನ್ನು ಬಳಸುತ್ತೇವೆ ಎಂದು ಬರೆಯಿರಿ, ಬರೆದ ಮೇಲೆ ಬಳಸಿ.

ಬೇರೆ ದೇಶದವರು ಹೇಗೆ ಕೊಡುತ್ತಾರೆ?

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) 2021ರಲ್ಲಿ ಓಹಿಯೊ ಸ್ಟೇಟ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳಿಗೆ ತಲಾ 2 ಕೋಟಿ ಡಾಲರ್ ಕೊಟ್ಟು ನೆಟ್‌ವರ್ಕ್ ಮತ್ತು ಎಡ್ಜ್ ಎಐಗೇ (ದೂರದ ಸರ್ವರಿನ ಬದಲು ಬಳಕೆದಾರರ ಹತ್ತಿರವೇ ಓಡುವ ಎಐ) ಎರಡು ಸಂಸ್ಥೆ ಮಾಡಿತು. ಐದು ವರ್ಷದ ದುಡ್ಡು ಒಂದೇ ಗುಂಪಿಗೆ. ಯುರೋಪ್ ಒಕ್ಕೂಟ 6ಜಿ ನೆಟ್‌ವರ್ಕ್ ಸಂಶೋಧನೆಗೆ 2021ರಿಂದ 2027ಕ್ಕೆ 90 ಕೋಟಿ ಯೂರೊ ಇಟ್ಟಿದೆ, ಕಂಪನಿಗಳೂ ಪಾಲು ಹಾಕುತ್ತವೆ. ನಮ್ಮಲ್ಲಿ ಸಣ್ಣ ಸಣ್ಣ ಮೊತ್ತ ತುಂಬ ಜನಕ್ಕೆ ಹಂಚುವ ರೂಢಿ ಜಾಸ್ತಿ. ಎಲ್ಲರಿಗೂ ಪ್ರಸಾದ ಸಿಗುತ್ತದೆ, ಯಾರಿಗೂ ಊಟ ಆಗುವುದಿಲ್ಲ.

ಬಂದ ದುಡ್ಡನ್ನು ಹೇಗೆ ಖರ್ಚು ಮಾಡಬೇಕು?

ಹೆಚ್ಚಿನ ಪಾಲು ಜನರಿಗೆ ಹೋಗುತ್ತದೆ. ಜೆಆರ್‌ಎಫ್‌ಗೆ (ಕಿರಿಯ ಸಂಶೋಧಕರಿಗೆ) 2023ರಿಂದ ತಿಂಗಳಿಗೆ ₹37,000, ಮೂರನೇ ವರ್ಷದಿಂದ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರು) ಆದರೆ ₹42,000. ಒಬ್ಬರಿಗೆ ಮೂರು ವರ್ಷಕ್ಕೆ ಮನೆಬಾಡಿಗೆ ಬಿಟ್ಟು ₹13.92 ಲಕ್ಷ. ಅದೇ ಊರಿನ ಸಾಫ್ಟ್‌ವೇರ್ ಕಂಪನಿ ಅವರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. ಹಾಗಾಗಿ ಹುಡುಗರು ನಡುವಿನಲ್ಲಿ ಬಿಟ್ಟು ಹೋಗುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರತಿಯೊಂದು ಕೆಲಸ ಇಬ್ಬರಿಗೆ ಗೊತ್ತಿರಲಿ.

ಯುಸಿ, ಅಂದರೆ ಖರ್ಚಿನ ಪ್ರಮಾಣಪತ್ರ, ಜಿಎಫ್‌ಆರ್ 12-ಎ ನಮೂನೆಯಲ್ಲಿ. ಖಾತೆಯಲ್ಲಿ ಕೂತ ದುಡ್ಡಿಗೆ ಬಂದ ಬಡ್ಡಿಯೂ ಸರ್ಕಾರದ್ದೇ, ಅದನ್ನು ವಾಪಸ್ ಕಟ್ಟಬೇಕು. ಒಮ್ಮೆ ನಾವು ₹312ರ ಬಡ್ಡಿ ತೋರಿಸಲು ಮರೆತೆವು. ಎರಡನೇ ಕಂತು ಎರಡೂವರೆ ತಿಂಗಳು ನಿಂತಿತು. ಅಷ್ಟು ದಿನ ಇಬ್ಬರು ಹುಡುಗರಿಗೆ ಸ್ಟೈಪೆಂಡ್ ಇಲ್ಲ, ಊಟದ ಬಿಲ್ಲು ನನ್ನ ಜೇಬಿನಿಂದ. ಅಕೌಂಟ್ಸ್ ವಿಭಾಗದವರ ಜೊತೆ ಮೊದಲ ದಿನವೇ ಕೂತು ಚಹಾ ಕುಡಿಯಿರಿ.

ನಾನು ಬಿಇ ಓದುತ್ತಿದ್ದೇನೆ. ನನಗೇನಾದರೂ ಸಿಗುತ್ತದಾ?

ಸಿಗುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ಕೊನೇ ವರ್ಷದ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡುತ್ತಿದೆ. ಸಣ್ಣ ಮೊತ್ತ. ಆದರೆ ಒಂದು ಅಗ್ಗದ ಸಾಫ್ಟ್‌ವೇರ್ ರೇಡಿಯೊ ಡಾಂಗಲ್, ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬರುತ್ತದೆ. ಡಾಂಗಲ್ ಬರೀ ಕೇಳಿಸಿಕೊಳ್ಳುತ್ತದೆ, ಸಿಗ್ನಲ್ ಬಿಡುವುದಿಲ್ಲ. ಅದನ್ನು ಮಳೆಗಾಲಪೂರ್ತಿ ಹಾಸ್ಟೆಲ್ ಟೆರೇಸಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಎದುರಿನ ಟವರಿನ ಸಿಗ್ನಲ್ ಎಷ್ಟಿದೆ ಎಂದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಪಕ್ಕದಲ್ಲೊಂದು ಮಳೆಮಾಪಕ. ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಒಂದು ಮುಕ್ಕಾಲು ಲಕ್ಷ ಸಾಲಿನ ಡೇಟಾ, ನಿಮ್ಮದೇ. ಡಬ್ಬಿಯ ಕೆಳಗೆ ತೂತು ಇಡುವುದು ಮರೆಯಬೇಡಿ. ನಮ್ಮ ಮೊದಲ ಪೈ ನೀರು ನಿಂತೇ ಸತ್ತಿದ್ದು.